ನಾನು ಕೇಳಿದ್ದು ಒಂದು ಚಿಲಕ, ಒಂದು ಮಳೆಗಾಲ

ಬೆಂಗಳೂರು ಬಿಟ್ಟು ಹಳ್ಳಿಯಲ್ಲಿ ನೆಲೆಸುವ ಮಾತು ಬಂದಾಗ, ನನ್ನ ಗಂಡನಿಗೆ ಅದು ಊರಿಗೆ ವಾಪಸ್ಸು ಹೋಗುವುದು. ನನಗೆ ಅದು ಅತ್ತೆ ಮನೆಗೆ ಹೋಗುವುದು. ಇವೆರಡೂ ಒಂದೇ ಅಲ್ಲ ಅಂತ ಅವರಿಗೆ ಅರ್ಥ ಮಾಡಿಸಲು ನನಗೆ ಎರಡು ವರ್ಷ ಹಿಡಿಯಿತು.

ಊರು ಅಂದರೆ ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯಿಂದ 26 ಕಿಲೋಮೀಟರ್ ಒಳಗೆ. ಒಂದೂವರೆ ಎಕರೆ ಅಡಿಕೆ ತೋಟ, ಹಂಚಿನ ಮನೆ, ಎರಡು ಹಸು, 71 ವರ್ಷದ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ಒಬ್ಬರೇ. ನಾನು ತುಮಕೂರಿನವಳು, ಬೆಂಗಳೂರಿನಲ್ಲಿ 15 ವರ್ಷ ಇದ್ದೆ. ಸಣ್ಣ ಅಂಗಡಿಗಳಿಗೆ, ಒಂದೆರಡು ವರ್ಕ್‌ಶಾಪುಗಳಿಗೆ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುವುದು ನನ್ನ ಕೆಲಸ. ಲ್ಯಾಪ್‌ಟಾಪು, ಕರೆಂಟು, ಇಂಟರ್ನೆಟ್ಟು ಇದ್ದರೆ ಎಲ್ಲಿ ಕೂತು ಬೇಕಾದರೂ ಮಾಡಬಹುದು ಅಂತ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿದ್ದೆ.

2020ರ ಲಾಕ್‌ಡೌನ್ ಶುರುವಾಗುವ ಒಂದು ವಾರ ಮೊದಲು ಊರಿಗೆ ಹೋದವರು ಜೂನ್ ಮೊದಲ ವಾರದ ತನಕ ಅಲ್ಲೇ ಇದ್ದೆವು. ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೋಟದ ನೆರಳು. ಗಂಡನ ತಲೆಗೆ ಹುಳ ಹೊಕ್ಕಿದ್ದು ಆಗಲೇ. ಆದರೆ ಏಪ್ರಿಲ್-ಮೇ ತಿಂಗಳಲ್ಲಿ ನೋಡಿ ಮಲೆನಾಡನ್ನು ಒಪ್ಪುವುದು ಅಂದರೆ ಮದುವೆ ಮನೆಯಲ್ಲಿ ಓಡಾಡುತ್ತಿದ್ದ ಹುಡುಗನನ್ನು ನೋಡಿ ಗಂಡು ಒಪ್ಪಿಕೊಂಡ ಹಾಗೆ. ಅವನು ಮನೆಯಲ್ಲಿ ಹೇಗಿರುತ್ತಾನೆ ಅಂತ ಗೊತ್ತಾಗಬೇಕಲ್ವಾ?

ಹಾಗಾಗಿ ನಾನು ಎರಡು ಷರತ್ತು ಹಾಕಿದೆ. ಬೆಂಗಳೂರಿನ ಮನೆ ಖಾಲಿ ಮಾಡದೆ ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಪೂರ್ತಿ ಮಳೆಗಾಲ ಅಲ್ಲಿ ಇದ್ದು ನೋಡಬೇಕು. ಎರಡನೆಯದು, ನನ್ನ ಕೆಲಸದ ಕೋಣೆಗೆ ಒಳಗಿನಿಂದ ಒಂದು ಚಿಲಕ ಬೇಕು. ಮೊದಲನೆಯದಕ್ಕೆ ಗಂಡ ತಕ್ಷಣ ಒಪ್ಪಿದರು. ಎರಡನೆಯದಕ್ಕೆ ನಕ್ಕರು.

ಅಲ್ಲಿಯ ಮನೆಗಳನ್ನು ಕಂಡವರಿಗೆ ಗೊತ್ತು. ಬಚ್ಚಲು ಬಿಟ್ಟರೆ ಹಗಲು ಹೊತ್ತು ಯಾವ ಬಾಗಿಲೂ ಹಾಕುವುದಿಲ್ಲ. ಬಂದವರು ಜಗಲಿಯಲ್ಲಿ ನಿಲ್ಲುವುದಿಲ್ಲ, ಸೀದಾ ಅಡುಗೆ ಮನೆ ತನಕ ಬರುತ್ತಾರೆ. ಬಂದವರಿಗೆ ಆಸ್ರಿಗೆ, ಅಂದರೆ ಕುಡಿಯಲು ಏನಾದರೂ ಕೊಡಬೇಕು, ಆಮೇಲೆ ಎಲೆ ಅಡಿಕೆಯ ಕವಳದ ತಟ್ಟೆ ಇಡಬೇಕು, ಆಮೇಲೆ ಕೂತು ಮಾತಾಡಬೇಕು. ನಾನು ಫೋನಿನಲ್ಲಿ ಒಬ್ಬ ಅಂಗಡಿಯವರ ಇನ್‌ಪುಟ್ ಕ್ರೆಡಿಟ್ ಲೆಕ್ಕ ಬಿಡಿಸುತ್ತಿದ್ದರೆ ಪಕ್ಕದ ಮನೆಯವರು ಬಂದು ನನ್ನ ಸೆರಗು ಹಿಡಿದು ‘ಈ ಸೀರೆಗೆ ಎಷ್ಟು ಕೊಟ್ಯೆ?’ ಅಂತ ಕೇಳಿದ್ದಿದೆ. ಪ್ರೀತಿಯಿಂದಲೇ. ಆದರೆ ಗಂಡ ಲ್ಯಾಪ್‌ಟಾಪ್ ತೆರೆದರೆ ಅದು ಆಫೀಸು, ನಾನು ತೆರೆದರೆ ಅದು ಬಿಡುವು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಾಗೆ ನಡೆಯುತ್ತದೆ ಅಷ್ಟೆ.

2024ರ ಜೂನ್ ಮೊದಲ ವಾರ ಹೋದೆವು. ಅಡಿಕೆ ಮೂಟೆ ಇಡುತ್ತಿದ್ದ ಕೋಣೆ ನನಗೆ ಕೊಟ್ಟರು. ಎಷ್ಟು ಗುಡಿಸಿದರೂ ಚೊಗರಿನ ವಾಸನೆ. ‘ಮನೆ ಒಳಗೆ ಚಿಲಕ ಎಂತಕ್ಕೆ?’ ಅಂದರು ಅತ್ತೆ. ಬಡಗಿ ಎರಡು ವಾರ ಸತಾಯಿಸಿ ಬಂದ. 80 ರೂಪಾಯಿಯ ಕಬ್ಬಿಣದ ಚಿಲಕ. ಮೊದಲ ದಿನ ಬೆಳಗ್ಗೆ ಹತ್ತರಿಂದ ಒಂದರ ತನಕ ಹಾಕಿಕೊಂಡು ಕೂತೆ. ಹೊರಗೆ ಪಾತ್ರೆ ಸದ್ದು ಎಂದಿಗಿಂತ ಜೋರಾಗಿತ್ತು. ನಾಲ್ಕು ದಿನ ಅತ್ತೆ ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದರು. ಐದನೇ ದಿನ ಬಾಗಿಲು ತೆರೆದರೆ ಹೊಸ್ತಿಲ ಹೊರಗೆ ಕಾಫಿ ಲೋಟ, ಮೇಲೆ ತಟ್ಟೆ ಮುಚ್ಚಿತ್ತು. ಕಾಫಿ ಆರಿಹೋಗಿತ್ತು. ಕುಡಿದೆ.

ಆಗಸ್ಟ್‌ನಲ್ಲಿ ಒಂದು ಮಧ್ಯಾಹ್ನ ಮನೆ ತುಂಬ ನೆಂಟರು. ಅತ್ತೆ ನನ್ನ ಕೋಣೆಗೆ ಬಂದರು, ತಾವೇ ಚಿಲಕ ಹಾಕಿದರು. ‘ಸ್ವಲ್ಪ ಬೆನ್ನು ಹಾಸ್ತೆ’ ಅಂತ ಚಾಪೆ ಬಿಚ್ಚಿದರು. 50 ವರ್ಷದಲ್ಲಿ ಆ ಮನೆಯಲ್ಲಿ ಅವರು ಹಗಲು ಮಲಗಿದ್ದನ್ನು ಯಾರೂ ನೋಡಿಲ್ಲವಂತೆ. ಮುಕ್ಕಾಲು ಗಂಟೆ ಗೊರಕೆ ಹೊಡೆದರು. ನಾನು ಫೋನ್ ಸೈಲೆಂಟ್ ಮಾಡಿ ಸುಮ್ನೆ ಕೂತಿದ್ದೆ.

ಅಡಿಕೆ ತೋಟದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅಂತ ನಮ್ಮ ಕಡೆ ದೊಡ್ಡ ಮಾತು ನಡೆಯುತ್ತಿರುತ್ತದೆ. ಹುಡುಗಿಯರಿಗೆ ಪೇಟೆಯ ಹುಚ್ಚು ಅನ್ನುತ್ತಾರೆ. ನನ್ನನ್ನು ಕೇಳಿದರೆ ನಾನು ಈ ಚಿಲಕದ ಕತೆ ಹೇಳುತ್ತೇನೆ.

ಇನ್ನು ಮಳೆ. ಆ ಜುಲೈ ಮಲೆನಾಡಿನವರಿಗೆ ನೆನಪಿರುತ್ತದೆ. ಒಗೆದ ಬಟ್ಟೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಬೇಕು, ಹಾಗಾಗಿ ಮನೆಯವರೆಲ್ಲ ಹೊಗೆಯ ವಾಸನೆ. ಲ್ಯಾಪ್‌ಟಾಪ್ ಚೀಲಕ್ಕೆ ಬಿಳಿ ಬೂಸ್ಟು ಬಂತು. ಮಗಳ ಕಾಲಿಗೆ ದಿನಾ ಉಂಬಳ, ಅಂದರೆ ಜಿಗಣೆ. ಅವಳಿಗೆ ಅದು ಆಟ, ಉಪ್ಪು ಹಾಕಿ ಬೀಳಿಸಿ ಲೆಕ್ಕ ಇಡುತ್ತಿದ್ದಳು.

ನನಗೆ ಬುದ್ಧಿ ಬಂದಿದ್ದು 18ನೇ ತಾರೀಖು. ಅವತ್ತು ರಾತ್ರಿ ಎಲ್ಲೋ ಲೈನಿನ ಮೇಲೆ ಮರ ಬಿತ್ತು, ಕರೆಂಟು ಹೋಯಿತು. ಇನ್ವರ್ಟರ್ ಆರು ಗಂಟೆ ಬಂತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಟವರೂ ಸತ್ತಿತು. ಫೈಬರ್ ಕೇಬಲ್ ಮೇಲೆ ಅಡಿಕೆ ಮರ ಮಲಗಿತ್ತು. 20ಕ್ಕೆ 3ಬಿ ಅನ್ನುವ ತಿಂಗಳ ಜಿಎಸ್‌ಟಿ ರಿಟರ್ನ್‌ನ ಕೊನೆಯ ದಿನ, ನನ್ನ ಹತ್ತಿರ 11 ಜನರದ್ದು ಬಾಕಿ. ತಡವಾದರೆ ದಿನಕ್ಕೆ 50 ರೂಪಾಯಿ ದಂಡ, ಜೊತೆಗೆ ತೆರಿಗೆ ಮೇಲೆ ಬಡ್ಡಿ. ದುಡ್ಡು ದೊಡ್ಡದಲ್ಲ. ‘ಹಳ್ಳಿಗೆ ಹೋದ ಮೇಲೆ ಮೇಡಂ ಕೆಲಸ ಸರಿ ಇಲ್ಲ’ ಅಂತ ಒಬ್ಬರು ಅಂದರೆ ಸಾಕು, ಮುಗಿಯಿತು. 20ರ ಬೆಳಗ್ಗೆ ಆ ಮಳೆಯಲ್ಲಿ ಕಾರು ತೆಗೆದುಕೊಂಡು ಸಾಗರಕ್ಕೆ ಹೋಗಿ, ಒಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಒದ್ದೆ ಚೂಡಿದಾರದಲ್ಲಿ ಕೂತು ಸಂಜೆ ಐದಕ್ಕೆ ಮುಗಿಸಿದೆ. ಅಂಗಡಿಯವರು ಎರಡು ಸಲ ಟೀ ತರಿಸಿಕೊಟ್ಟು ಜೆರಾಕ್ಸಿನ ದುಡ್ಡು ಮಾತ್ರ ತೆಗೆದುಕೊಂಡರು.

ಅವತ್ತಿನಿಂದ ನನ್ನ ಪಾಲಿಗೆ ತಿಂಗಳ ಕೊನೆಯ ದಿನ 20 ಅಲ್ಲ, 15. ಅಂಗಡಿಯವರೆಲ್ಲರಿಗೂ ಹೇಳಿದೆ: ಬಿಲ್ಲು 5ನೇ ತಾರೀಖಿನೊಳಗೆ ಬರದಿದ್ದರೆ ನನ್ನ ಜವಾಬ್ದಾರಿ ಇಲ್ಲ. ಇಬ್ಬರು ಬಿಟ್ಟು ಹೋದರು. ಉಳಿದವರು ನಾನು ಬೆಂಗಳೂರಿನಲ್ಲಿದ್ದಾಗ ಇದ್ದದ್ದಕ್ಕಿಂತ ಶಿಸ್ತಾಗಿದ್ದಾರೆ, ಅದೊಂದು ಲಾಭ.

ಗಂಡನ ಪರೀಕ್ಷೆ ತೋಟದಲ್ಲಿತ್ತು. ಮಾವ ಇದ್ದಾಗ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವುದನ್ನು ಅವರು ನೋಡಿದ್ದರು, ಮಾಡಿರಲಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕೇಳಲು ಸುಲಭ. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಆಮೇಲೆ ಚಾಕು ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಕಾಯಿ ಸುಡುತ್ತದೆ. ಆ ಚಾಕು ನನ್ನ ತರಕಾರಿ ಚಾಕು. ಮೂರು ಸಲ ಅದ್ದಿದರು, ಮೂರು ಸಲವೂ ತಾಮ್ರದ ಬಣ್ಣ. ಹಳೇ ಸುಣ್ಣ, ಶಕ್ತಿ ಹೋಗಿತ್ತು. ಮತ್ತೆ ಸುಣ್ಣ ಹಾಕಿ, ಮತ್ತೆ ಅದ್ದಿ. ಅಷ್ಟರಲ್ಲಿ ಮಳೆ ಬಂತು, ಔಷಧಿ ಹೊಡೆಯುವವನು ಬೇರೆ ತೋಟಕ್ಕೆ ಹೋದ. ಅವನು ಮತ್ತೆ ಸಿಕ್ಕಿದ್ದು ಒಂಬತ್ತು ದಿನದ ಮೇಲೆ. ಆ ಒಂಬತ್ತು ದಿನದ ಬೆಲೆ ಕೊಯ್ಲಿನಲ್ಲಿ ಗೊತ್ತಾಯಿತು.

ಒಳ್ಳೆಯ ವರ್ಷದಲ್ಲಿ ನಮ್ಮ ತೋಟದಲ್ಲಿ ಎಂಟು ಕ್ವಿಂಟಾಲ್ ಆಗುತ್ತಿತ್ತು. ಆ ವರ್ಷ ಐದೂವರೆ. ಒಂದು ಪಾಲು ಕೊಳೆಗೆ, ಒಂದು ಪಾಲು ಎಲೆಚುಕ್ಕಿ ರೋಗಕ್ಕೆ. ಕ್ವಿಂಟಾಲಿಗೆ ಹೆಚ್ಚುಕಮ್ಮಿ 50,000 ಸಿಕ್ಕಿತು ಅನ್ನಿ, 2,75,000. ಗೊಬ್ಬರ, ಔಷಧಿ, ಮರ ಹತ್ತಿ ಗೊನೆ ಇಳಿಸುವ ಕೊನೆಗಾರ, ಸುಲಿಯುವವರು, ಬೇಯಿಸಲು ಸೌದೆ ಎಲ್ಲಾ ಸೇರಿ ಒಂದೂವರೆ ಲಕ್ಷ ಕಳೆಯಿರಿ. ಉಳಿದಿದ್ದು ತಿಂಗಳಿಗೆ ಹತ್ತು ಸಾವಿರ ಚಿಲ್ಲರೆ. ಈ ಲೆಕ್ಕ ಬರೆದು ಗಂಡನ ಮುಂದೆ ಇಟ್ಟಾಗ ಅವರು ಪುಸ್ತಕ ಮುಚ್ಚಿ ತೋಟಕ್ಕೆ ಹೋದರು. ಕೆಲಸ ಬಿಡುವ ಮಾತು ಅಲ್ಲಿಗೆ ನಿಂತಿತು. ಕಂಪನಿಯವರ ಹತ್ತಿರ ಮಾತಾಡಿ ವಾರಕ್ಕೆ ಮೂರು ದಿನದ ಕೆಲಸ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಂಬಳ ಅಂತ ಮಾಡಿಕೊಂಡರು.

ಊರಲ್ಲಿ ಖರ್ಚೇ ಇಲ್ಲ ಅನ್ನುವುದು ಶುದ್ಧ ಸುಳ್ಳು. ಬಾಡಿಗೆ ಇಲ್ಲ, ಹಾಲು-ತರಕಾರಿ ಅರ್ಧ ಮನೆಯದೇ, ನಿಜ. ಆದರೆ ಒಂದು ಮಾತ್ರೆ ತರಲು 52 ಕಿಲೋಮೀಟರ್ ಹೋಗಿ ಬರಬೇಕು. ಮದುವೆ, ಉಪನಯನ, ತಿಥಿ ಅಂತ ತಿಂಗಳಿಗೆ ಐದಾರು ಕಡೆ ಹೋಗಬೇಕು. ಇನ್ವರ್ಟರ್ ಬ್ಯಾಟರಿ ಎರಡಾಯಿತು. ಬೆಂಗಳೂರಿನಲ್ಲಿ ನಾವು ತಿಂಗಳಿಗೆ ಖರ್ಚು ಮಾಡುತ್ತಿದ್ದುದರ ಅರ್ಧಕ್ಕಿಂತ ಕೆಳಗೆ ಇಳಿಯಲು ನಮಗೆ ಇನ್ನೂ ಆಗಿಲ್ಲ, ಮನೆ ಸಾಲದ ಕಂತು ಬಿಟ್ಟು.

ಆಸ್ಪತ್ರೆಯ ವಿಷಯದಲ್ಲಿ ನಾನು ಮಾಡಿದ್ದು ಇಷ್ಟು. ಹಗಲು ಒಮ್ಮೆ, ಮಳೆಯ ರಾತ್ರಿ ಒಮ್ಮೆ, ಗಡಿಯಾರ ನೋಡಿಕೊಂಡು ಸಾಗರದ ಆಸ್ಪತ್ರೆಯ ಗೇಟಿನ ತನಕ ಕಾರು ಓಡಿಸಿದೆ. ಹಗಲು 45 ನಿಮಿಷ, ರಾತ್ರಿ ಒಂದು ಗಂಟೆ 20 ನಿಮಿಷ. ಎದೆನೋವು ಅಂತಾದರೆ ಅಲ್ಲಿಂದ ಮುಂದೆ ಶಿವಮೊಗ್ಗ. ಈ ಸಂಖ್ಯೆ ಗೊತ್ತಿದ್ದೂ ಬರುವುದು ಬೇರೆ, ಗೊತ್ತಿಲ್ಲದೆ ಬರುವುದು ಬೇರೆ. ಮಂಗನ ಕಾಯಿಲೆಯ ಭಯವೂ ಇದೆ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡ ಕಾಯಿಲೆ ಅದು. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಜನ ಸತ್ತರು. ಚಳಿಗಾಲದಿಂದ ಬೇಸಿಗೆ ತನಕ ಸೊಪ್ಪು ತರಲು ಸೊಪ್ಪಿನಬೆಟ್ಟದ ಕಾಡಿಗೆ ಹೋಗುವವರು ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ, ಬಂದು ಬಿಸಿನೀರು ಸ್ನಾನ ಮಾಡಿ, ಈ ಕಾಯಿಲೆ ಹರಡುವ ಉಣುಗು ಅನ್ನುವ ಹುಳ ಮೈಗೆ ಕಚ್ಚಿಕೊಂಡಿದೆಯಾ ಅಂತ ಹುಡುಕುತ್ತಾರೆ. ಮಗಳಿಗೆ ಈಗ ಅದೂ ಅಭ್ಯಾಸ.

ಎಲ್ಲರೂ ಮುಜುಗರಪಟ್ಟು ಮುಂದೂಡುವ ಒಂದು ವಿಷಯ ಇದೆ, ಪಹಣಿ. ನಮ್ಮ ತೋಟದ ಪಹಣಿ ತೆಗೆಸಿದರೆ ಇನ್ನೂ ಮಾವನ ಅಪ್ಪನ ಹೆಸರು! ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯೇ ಆಗಿರಲಿಲ್ಲ. ಪುಣೆಯಲ್ಲಿ ಮೈದುನ ಇದ್ದಾರೆ, ಹುಬ್ಬಳ್ಳಿಯಲ್ಲಿ ನಾದಿನಿ ಇದ್ದಾರೆ. ‘ಅವರೇನೂ ಕೇಳಲ್ಲ ಬಿಡು’ ಅಂದರು ಗಂಡ. ಕೇಳದೇ ಇರುವುದು ಅವರ ದೊಡ್ಡತನ, ಅದನ್ನು ನಂಬಿ ಹತ್ತು ವರ್ಷ ದುಡಿದು ಬೋರ್‌ವೆಲ್ ಕೊರೆಸುವುದು ನಮ್ಮ ದಡ್ಡತನ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು. ನಾನೇ ನಾದಿನಿಗೆ ಫೋನ್ ಮಾಡಿದೆ. ‘ನೀನು ಕೇಳಿದ್ದು ಒಳ್ಳೇದಾಯಿತು, ಇಷ್ಟು ವರ್ಷ ಯಾರೂ ಕೇಳಿರಲಿಲ್ಲ’ ಅಂದರು. ಗಣೇಶನ ಹಬ್ಬಕ್ಕೆ ಮೂವರನ್ನೂ ಕೂರಿಸಿ ಮಾತಾಡಿದೆವು. ಒಂದು ಸಂಜೆ ದನಿ ಏರಿತು, ಅತ್ತೆ ಅತ್ತರು. ಆದರೆ ಮುಗಿಯಿತು. ಈಗ ಮೂವರ ಹೆಸರೂ ಇದೆ, ತೋಟ ನೋಡಿಕೊಳ್ಳುವುದಕ್ಕೆ ನಮಗೆ ಎಷ್ಟು, ಅವರಿಗೆ ವರ್ಷಕ್ಕೆ ಎಷ್ಟು ಅಂತ ಕಾಗದದಲ್ಲಿ ಇದೆ. ಮೇಲಿನ ಹತ್ತು ಸಾವಿರದಲ್ಲಿ ಅದೂ ಕಳೆಯಬೇಕು.

ಶಾಲೆ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಮಗಳು ನಾಲ್ಕನೇ ತರಗತಿಗೆ ಊರಿನ ಸರ್ಕಾರಿ ಶಾಲೆಗೆ ಸೇರಿದಳು, ಇಡೀ ಶಾಲೆಗೆ 11 ಮಕ್ಕಳು. ಆರನೇ ತರಗತಿಗೆ ಸಾಗರದ ಬಸ್ಸು ಹತ್ತಬೇಕು, ಆಗ ನೋಡೋಣ.

ಸೆಪ್ಟೆಂಬರ್ ಕೊನೆಗೆ ಬೆಂಗಳೂರಿಗೆ ವಾಪಸ್ಸು ಬಂದು, ಒಂದು ವಾರ ಆ ವಿಷಯ ಎತ್ತಬಾರದು ಅಂತ ಒಪ್ಪಂದ ಮಾಡಿಕೊಂಡೆವು. ನಾನು ದಿನಾ ಸಂಜೆ ದರ್ಶಿನಿಗೆ ಹೋಗಿ ನಿಂತುಕೊಂಡು ಕಾಫಿ ಕುಡಿದೆ. ಯಾರೂ ನನ್ನನ್ನು ‘ಯಾರ ಮನೆ ಸೊಸೆ’ ಅಂತ ಕೇಳಲಿಲ್ಲ. ಅದರಷ್ಟು ಸುಖ ಇನ್ನೊಂದಿಲ್ಲ, ಇವತ್ತಿಗೂ ನನಗೆ ಬೇಕೆನಿಸುವುದು ಅದೇ. ಎಂಟನೇ ದಿನ ಗಂಡ ಕೇಳಿದರು. ಅವರಿಗೆ ಉತ್ತರ ಕೊಡುವ ಮೊದಲು ನಾನು ಅತ್ತೆಗೆ ಫೋನ್ ಮಾಡಿ, ಕೋಣೆ ಹಾಗೇ ಇದೆಯಾ ಅಂತ ಕೇಳಿದೆ. ‘ಮಧ್ಯಾಹ್ನ ನಾನೇ ಮಲಗ್ತಾ ಇದ್ದೆ’ ಅಂದರು.

ಹೋದೆವು. ಬೆಂಗಳೂರಿನ ಮನೆ ಮಾರಲಿಲ್ಲ, ಬಾಡಿಗೆಗೆ ಕೊಟ್ಟೆವು, ಎಲ್ಲರ ಹಾಗೆ 11 ತಿಂಗಳ ಕರಾರು. ಬರುವ ಬಾಡಿಗೆ ಕಂತಿಗೆ ಪೂರ್ತಿ ಸಾಲುವುದಿಲ್ಲ, ಐದು ಸಾವಿರ ಕೈಯಿಂದ ಹಾಕುತ್ತೇವೆ. ಆ ಐದು ಸಾವಿರ ವಾಪಸ್ಸು ಬರುವ ದಾರಿಯ ಬಾಡಿಗೆ ಅಂತ ನಾನು ಲೆಕ್ಕದ ಪುಸ್ತಕದಲ್ಲೇ ಬರೆದಿದ್ದೇನೆ.

ಈ ಸಲ ಕರಾರು ಮುಗಿದಾಗ ಬಾಡಿಗೆಯವರು ಗಂಡನಿಗೆ ಫೋನ್ ಮಾಡಿ, ಮನೆ ಮಾರುವುದಾದರೆ ತಾವೇ ತೆಗೆದುಕೊಳ್ಳುತ್ತೇವೆ ಅಂದರಂತೆ. ಗಂಡ ಫೋನನ್ನು ನನ್ನ ಕೈಗೆ ಕೊಟ್ಟರು.

‘ಮಳೆಗಾಲ ಕಳೆದ ಮೇಲೆ ಹೇಳ್ತೀನಿ’ ಅಂದೆ.

‘ಮಳೆಗಾಲ ಈಗ ತಾನೇ ಮುಗೀತಲ್ಲ ಮೇಡಂ?’

‘ಇದಲ್ಲ, ಮುಂದಿನದು.’