ಗೋಕರ್ಣದ ಕಡಲ ದಂಡೆಗಳನ್ನು ನಡೆದು ನೋಡುವುದು ಹೇಗೆ?

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಸೋಮವಾರ ಬೆಳಿಗ್ಗೆ ಕಚೇರಿಗೆ ಮರಳುವ ಲೆಕ್ಕದಲ್ಲಿ ಗೋಕರ್ಣಕ್ಕೆ ಹೋಗುವವರು ಬಸ್ಸು, ಕೊಠಡಿ, ಊಟ ಎಲ್ಲವನ್ನೂ ವಾರಗಟ್ಟಲೆ ಯೋಚಿಸಿ ಗೊತ್ತು ಮಾಡಿಕೊಂಡಿರುತ್ತಾರೆ. ಕಡಲಿನ ಉಬ್ಬರ ಇಳಿತದ ಹೊತ್ತನ್ನು ಮಾತ್ರ ಕೇಳಿಕೊಂಡಿರುವುದಿಲ್ಲ. ಕಳೆದ ಡಿಸೆಂಬರಿನ ಒಂದು ಸಂಜೆ ಹಾಫ್ ಮೂನ್ ಬೀಚಿನ ಆಚೆಯ ಬಂಡೆಗಳ ಮೇಲೆ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಮೊಬೈಲ್ ಹಿಡಿದು, ಮುಂದಕ್ಕೂ ಹಿಂದಕ್ಕೂ ಹೆಜ್ಜೆಯಿಡಲಾಗದೆ ನಿಂತಿದ್ದ ನಾಲ್ವರು ಯುವಕರನ್ನು ಕಂಡ ಮೇಲೆ ಇದನ್ನು ಬರೆಯಲೇಬೇಕೆನಿಸಿತು.

ಹೋಗಲು ತಕ್ಕ ಕಾಲ ನವೆಂಬರಿನಿಂದ ಫೆಬ್ರುವರಿ. ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣ ಮುಟ್ಟಿಸುತ್ತದೆ. ಅಲ್ಲಿಂದ ಊರಿಗೆ ಸುಮಾರು 10 ಕಿ.ಮೀ., ಆಟೊ ಸಿಗುತ್ತದೆ. ಟಿಕೆಟ್ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ, ಆ ದಿನವೇ ಮಾಡಿಸಿ. ಸುಮಾರು 500 ಕಿ.ಮೀ. ದಾರಿಯನ್ನು ರಾತ್ರಿಯಿಡೀ ಕಾರು ಓಡಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ ನೇರವಾಗಿ ನೀರಿಗಿಳಿಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಮೊದಲ ದಿನ ಮಹಾಬಲೇಶ್ವರನ ದರ್ಶನ ಮುಗಿಸಿ ವಿಶ್ರಾಂತಿ ಪಡೆಯಿರಿ. ಗಂಡಸರು ಪಂಚೆ ಒಯ್ದರೆ ಒಳ್ಳೆಯದು.

ಎರಡನೆಯ ದಿನ ನಡಿಗೆ. ಊರಿನ ದಂಡೆಯಿಂದ ಕುಡ್ಲೆ, ಓಂ, ಹಾಫ್ ಮೂನ್, ಕೊನೆಗೆ ಪ್ಯಾರಡೈಸ್: ದಾರಿ ಈ ಕ್ರಮದಲ್ಲಿ ದಕ್ಷಿಣಕ್ಕೆ ಸಾಗುತ್ತದೆ. ಓಂವರೆಗಿನ ಭಾಗ ಸುಲಭ. ಜಂಬಿಟ್ಟಿಗೆ ಕಲ್ಲಿನ ಗುಡ್ಡ ಹತ್ತಿ ಇಳಿದರಾಯಿತು. ಕಷ್ಟವೆಲ್ಲ ಅದರ ಮುಂದಿನದು. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಗಿಂತ ತುಸು ಹೆಚ್ಚು ಅಂತರವಿರುತ್ತದೆ ಮತ್ತು ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಆದ್ದರಿಂದ ಕಳೆದ ವಾರ ಹೋಗಿಬಂದ ಸ್ನೇಹಿತರು ಹೇಳಿದ ಸಮಯ ನಿಮಗೆ ಉಪಯೋಗಕ್ಕೆ ಬಾರದು. ಹಿಂದಿನ ಸಂಜೆ ದಂಡೆಯಲ್ಲಿ ಬಲೆ ಬಿಡಿಸುತ್ತಿರುವ ಮೀನುಗಾರರನ್ನು ಕೇಳಿ, ಹಾಫ್ ಮೂನ್‌ನಿಂದ ಪ್ಯಾರಡೈಸ್‌ವರೆಗಿನ ಭಾಗ ನೀರು ಇಳಿಯುತ್ತಿರುವ ಹೊತ್ತಿಗೆ ಬರುವಂತೆ ಹೊರಡುವ ಸಮಯ ಗೊತ್ತುಮಾಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೇರುವುದರಿಂದ ಆ ದಿನಗಳನ್ನು ಬಿಟ್ಟುಬಿಡುವುದೇ ಲೇಸು.

ಬಂಡೆಗಳನ್ನು ಸಮೀಪದಿಂದ ನೋಡಿದರೆ ಅವೇ ದಾರಿ ಹೇಳುತ್ತವೆ. ಮೇಲೆ ಒಣಗಿ ಬೆಳ್ಳಗಿರುವ ಕಲ್ಲು, ಅದರ ಕೆಳಗೆ ಒಂದು ಕಪ್ಪು ಪಟ್ಟೆ, ಇನ್ನೂ ಕೆಳಗೆ ಹಸಿರು ಪಾಚಿ ಇರುತ್ತದೆ. ಕಪ್ಪು ಪಟ್ಟೆಯವರೆಗೆ ನೀರು ಬರುತ್ತದೆಂದು ತಿಳಿದು, ಕಾಲಿಡುವುದೇನಿದ್ದರೂ ಅದಕ್ಕಿಂತ ಮೇಲಿನ ಒಣ ಕಲ್ಲಿನಲ್ಲಿಯೇ ಇಡಬೇಕು. ಪಾಚಿಯ ಮೇಲೆ ಜಾರಿದವರು ಆಸರೆಗೆ ಕೈಯೂರುವುದು ಬಂಡೆಗಂಟಿದ ಚೂಪಾದ ಚಿಪ್ಪುಗಳ ಮೇಲೆ, ಅಂಗೈ ಅಲ್ಲಿಯೇ ಸೀಳುತ್ತದೆ. ಹವಾಯಿ ಚಪ್ಪಲಿ ಬೇಡವೇ ಬೇಡ. ಅಡಿಯಲ್ಲಿ ಗೀರುಗಳಿರುವ ಶೂ ಧರಿಸಿ, ಎರಡು ಕೈಗಳನ್ನೂ ಖಾಲಿ ಇಟ್ಟುಕೊಳ್ಳಿ. ಮೊಬೈಲ್ ನಕ್ಷೆ ತೋರಿಸುವ ಅಡ್ಡದಾರಿಯನ್ನು ನಂಬಿ ಕುರುಚಲು ಕಾಡಿಗೆ ನುಗ್ಗುವುದರಿಂದ ಸಮಯ ಉಳಿಯುವುದಿಲ್ಲ. ದಂಡೆಯ ಅಂಗಡಿಗಳಲ್ಲಿ ಮಾರುವ ಅಗ್ಗದ ಪ್ಲಾಸ್ಟಿಕ್ ಮೊಬೈಲ್ ಚೀಲವನ್ನು ಕೊಂಡರೆ, ಅದರೊಳಗೆ ಕಾಗದದ ತುಂಡಿಟ್ಟು ಅರ್ಧ ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದ ಮೇಲೆಯೇ ಬಳಸಿ. ಪ್ಯಾರಡೈಸ್‌ನಲ್ಲಿ ಸೂರ್ಯಾಸ್ತ ನೋಡುವ ಆಸೆಯನ್ನು ದಯವಿಟ್ಟು ಬಿಡಿ, ಕತ್ತಲಿನಲ್ಲಿ ಕಪ್ಪು ಪಟ್ಟೆ ಕಾಣುವುದಿಲ್ಲ. ಸೂರ್ಯಾಸ್ತಕ್ಕೆ ಕುಡ್ಲೆಯ ದಂಡೆ ಧಾರಾಳವಾಗಿ ಸಾಕು. ಮರಳುವಾಗ ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಕೊಡುವ ದೋಣಿಯನ್ನೇ ಹತ್ತಿ, ಇಲ್ಲವಾದರೆ ಪ್ಯಾರಡೈಸ್‌ನ ಆಚೆಯ ಬೇಲೆಕಾನ್ ದಂಡೆಯ ಕಡೆಗೆ ನಡೆದು ರಸ್ತೆ ಸೇರಿ.

ನೀರಿಗಿಳಿಯುವ ಮೊದಲು ಐದು ನಿಮಿಷ ಸುಮ್ಮನೆ ನಿಂತು ಅಲೆಗಳನ್ನು ನೋಡಬೇಕು. ಎರಡೂ ಬದಿಯಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಮಾತ್ರ ನೀರು ಶಾಂತವಾಗಿ, ಮರಳು ಕದಡಿದಂತೆ, ನೊರೆ ಆಳದ ಕಡೆಗೆ ಹೋಗುತ್ತಿರುವಂತೆ ಕಂಡರೆ, ಅದೇ ಸೆಳೆತವಿರುವ ಜಾಗ. ಈಜು ಬಾರದವರು ಶಾಂತವಾಗಿದೆಯೆಂದು ಅದನ್ನೇ ಆರಿಸಿಕೊಂಡು ಮಕ್ಕಳನ್ನು ಇಳಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಸಿಕ್ಕಿಬಿದ್ದರೆ ದಡದತ್ತ ಎದುರೀಜಿ ದಣಿಯದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಗಾಳಿ ತುಂಬಿದ ಟ್ಯೂಬನ್ನು ಮಕ್ಕಳಿಗೆ ಕೊಡಬೇಡಿ. ಭೂಮಿಯ ಕಡೆಯಿಂದ ಗಾಳಿ ಬೀಸಿದರೆ ಅದು ಮಗುವನ್ನು ಆಳಕ್ಕೆ ಒಯ್ಯುತ್ತದೆ. ಮಳೆಗಾಲದಲ್ಲಿ ಮೊಣಕಾಲುದ್ದದ ನೀರಿಗೂ ಇಳಿಯಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಹೋಗುವುದಿಲ್ಲ.

ಕಾಡು ನೋಡಬೇಕೆನ್ನುವವರು, ಸೋಮವಾರವೂ ರಜೆಯಿದ್ದರೆ, ಮೂರನೆಯ ದಿನ ಯಾಣಕ್ಕೆ ಹೋಗಬಹುದು. ನಿತ್ಯಹರಿದ್ವರ್ಣ ಕಾಡಿನ ನಡುವೆ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ ಕಪ್ಪು ಸುಣ್ಣಕಲ್ಲಿನ ಗೋಡೆಗಳಂತೆ ನಿಂತಿವೆ. ಮಳೆ ನಿಂತ ಹೊಸತರಲ್ಲಿ ಹೋದರೆ ಉಂಬಳ ಹತ್ತುತ್ತವೆ; ಬಟ್ಟೆಯಲ್ಲಿ ಹರಳುಪ್ಪು ಗಂಟು ಕಟ್ಟಿ ಒದ್ದೆ ಮಾಡಿ ಇಟ್ಟುಕೊಂಡು, ಹತ್ತಿದಲ್ಲಿಗೆ ಮುಟ್ಟಿಸಿದರೆ ತಾವಾಗಿಯೇ ಬಿಡುತ್ತವೆ, ಎಳೆದು ಕೀಳಬೇಡಿ. ಬೆಳಿಗ್ಗೆ ಏಳಕ್ಕೇ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ಕುಮಟಾಕ್ಕೆ ಇಳಿದು, ರಾತ್ರಿಯ ರೈಲಿಗೆ ಅವಸರವಿಲ್ಲದೆ ಸೇರಬಹುದು.