ಕೆಂಪು ಕೆಂಪಾಗಿಯೇ ಕಾಣಬೇಕು: ‘ದಿ ರೆಡ್ ಶೂಸ್’ ಮನೆಯಲ್ಲಿ ನೋಡುವ ಬಗೆ

ಈ ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ಲ್ಯಾಪ್‌ಟಾಪಿನಲ್ಲಿ. ಎಲ್ಲೋ ಸಿಕ್ಕಿದ ಹಳೇ ಕಾಪಿ. ಶೂಗಳು ಇಟ್ಟಿಗೆ ಬಣ್ಣಕ್ಕಿದ್ದವು, ಮುಖಗಳ ಅಂಚಿಗೆ ಹಸಿರು ಗೆರೆ ಅಂಟಿಕೊಂಡಿತ್ತು. ನಲವತ್ತು ನಿಮಿಷಕ್ಕೆ ನಿಲ್ಲಿಸಿಬಿಟ್ಟೆ. ಎರಡು ವರ್ಷದ ಮೇಲೆ ಗೆಳತಿಯ ಮನೆಯಲ್ಲಿ, ಬಿಳಿ ಗೋಡೆಯ ಮೇಲೆ, ಪ್ರೊಜೆಕ್ಟರ್ ಹಾಕಿ ರಿಸ್ಟೋರ್ ಆದ, ಅಂದರೆ ಹಳೇ ಫಿಲ್ಮನ್ನು ಸರಿಪಡಿಸಿ ತೆಗೆದ, ಪ್ರತಿ ನೋಡಿದೆ. ಮುಗಿದ ಮೇಲೆ ಇಬ್ಬರಿಗೂ ಮಾತೇ ಹೊರಡಲಿಲ್ಲ. ಅಂದಿನಿಂದ ಸಿಕ್ಕವರನ್ನೆಲ್ಲ ಕೂರಿಸಿ ಇದನ್ನು ತೋರಿಸುತ್ತಿದ್ದೇನೆ. ನನ್ನ ಅನುಭವದಲ್ಲಿ, ಅರ್ಧ ಕೆಲಸ ಸಿನಿಮಾ ಶುರುವಾಗುವ ಮೊದಲೇ ಆಗಬೇಕು.

ಮೊದಲು ಪ್ರತಿ ನೋಡಿಕೊಳ್ಳಿ. ಇದು 1948ರ ಸಿನಿಮಾ, ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಎಂಬ ನಿರ್ದೇಶಕ ಜೋಡಿಯದು. ನಿಮಗೆ ಬೇಕಾದ್ದು 2009ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದ ರಿಸ್ಟೊರೇಷನ್. ಡಿಸ್ಕಿನ ಹಿಂಬದಿಯಲ್ಲೋ ಸಿನಿಮಾದ ವಿವರದಲ್ಲೋ ಅದನ್ನು ಬರೆದಿರುತ್ತಾರೆ. ಅಮೆರಿಕದ ಯುಸಿಎಲ್‌ಎ ವಿಶ್ವವಿದ್ಯಾಲಯದ ಫಿಲ್ಮ್ ಆರ್ಕೈವ್ ಮತ್ತು ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿ ಕಟ್ಟಿದ ಫಿಲ್ಮ್ ಫೌಂಡೇಷನ್ ಸೇರಿ ಮಾಡಿದ ಕೆಲಸ ಅದು. ಇಷ್ಟು ಹಟ ಯಾಕೆ ಅಂದರೆ, ಆಗಿನ ಟೆಕ್ನಿಕಲರ್ ಎಂಬ ಬಣ್ಣದ ಸಿನಿಮಾ ವಿಧಾನದ ಕ್ಯಾಮೆರಾದಲ್ಲಿ ಬಣ್ಣದ ಫಿಲ್ಮ್ ಇರುತ್ತಿರಲಿಲ್ಲ. ಒಳಗೆ ಮೂರು ಕಪ್ಪುಬಿಳುಪು ಫಿಲ್ಮು ಒಟ್ಟಿಗೆ ಓಡುತ್ತಿದ್ದವು. ಕೆಂಪಿಗೊಂದು, ಹಸಿರಿಗೊಂದು, ನೀಲಿಗೊಂದು. ಪ್ರಿಂಟ್ ಮಾಡುವಾಗ ಮೂರನ್ನೂ ಒಂದರ ಮೇಲೊಂದು ಕೂರಿಸಿದರೆ ಬಣ್ಣ ಹುಟ್ಟುತ್ತಿತ್ತು. ಅರವತ್ತು ವರ್ಷದಲ್ಲಿ ಮೂರೂ ಒಂದೊಂದು ಥರ ಕುಗ್ಗಿದವು, ಬೂಷ್ಟು ಬೇರೆ ಹಿಡಿಯಿತು. ಒಂದರ ಮೇಲೊಂದು ಸರಿಯಾಗಿ ಕೂರದೆ ಹೋದವು. ಪೇಪರಿನಲ್ಲಿ ಬಣ್ಣದ ಫೋಟೊ ಜರುಗಿ ಅಚ್ಚಾಗಿರುತ್ತದಲ್ಲ, ಹಾಗೆ. ರಿಸ್ಟೊರೇಷನ್ ಮಾಡಿದವರು ಮೂರನ್ನೂ ಬೇರೆ ಬೇರೆ ಸ್ಕ್ಯಾನ್ ಮಾಡಿ, ಕಲೆ ತೆಗೆದು, ಮತ್ತೆ ಒಂದಕ್ಕೊಂದು ಹೊಂದಿಸಿದರು. ನಾನು ನೋಡಿದ ಹಸಿರು ಗೆರೆ ಎಲ್ಲಿಂದ ಬಂದಿತ್ತು ಅಂತ ನನಗೆ ಆಗ ಗೊತ್ತಾಯಿತು.

ಇನ್ನು ಟಿವಿ. ಸೆಟ್ಟಿಂಗ್ಸ್‌ಗೆ ಹೋಗಿ ಪಿಕ್ಚರ್ ಮೋಡನ್ನು ‘ಸಿನೆಮಾ’ ಅಥವಾ ‘ಫಿಲ್ಮ್‌ಮೇಕರ್’ಗೆ ಇಡಿ. ‘ವಿವಿಡ್’ ಬೇಡವೇ ಬೇಡ. ಅದರಲ್ಲಿ ಎಲ್ಲ ಬಣ್ಣವೂ ಕೂಗುತ್ತದೆ, ಕೆಂಪಿನ ಸರದಿ ಬಂದಾಗ ಅದಕ್ಕೆ ಧ್ವನಿಯೇ ಉಳಿದಿರುವುದಿಲ್ಲ. ಮೋಷನ್ ಸ್ಮೂತಿಂಗ್, ಅಂದರೆ ಟಿವಿ ತಾನೇ ಚಲನೆಯನ್ನು ನುಣುಪು ಮಾಡುವ ಸೆಟ್ಟಿಂಗ್, ಆಫ್ ಮಾಡಿ. ಚಿತ್ರ ಹೆಚ್ಚುಕಡಿಮೆ ಚೌಕಾಕಾರ, ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ. ಬರಲಿ ಬಿಡಿ. ಪರದೆ ತುಂಬಲಿ ಅಂತ ಎಳೆದರೆ ನೃತ್ಯಗಾರರೆಲ್ಲ ದಪ್ಪಗಾಗುತ್ತಾರೆ, ಹಿಗ್ಗಿಸಿದರೆ ಪಾದಗಳು ಕತ್ತರಿಸಿಹೋಗುತ್ತವೆ. ಶೂಗಳ ಸಿನಿಮಾದಲ್ಲಿ ಪಾದ ಕಾಣದಿದ್ದರೆ ಹೇಗೆ?

ಸರಿಯಾಗಿದೆಯಾ ಅಂತ ನೋಡಲು ನಾಯಕಿ ಮೊಯ್ರಾ ಶಿಯರರ್ ಅವರ ಕೂದಲು ಸಾಕು. ಅದು ತಾಮ್ರದ ಕೆಂಪು. ಕೂದಲು ಮತ್ತು ಶೂ ಎರಡು ಬೇರೆ ಬೇರೆ ಕೆಂಪಾಗಿ ಕಂಡರೆ ನಿಮ್ಮ ಟಿವಿ ಸರಿ ಇದೆ.

ದೀಪ ಆರಿಸಿ, ಫೋನ್ ಬೇರೆ ಕೋಣೆಯಲ್ಲಿಡಿ. ಎರಡೂಕಾಲು ಗಂಟೆ ಒಂದೇ ಪಟ್ಟಿಗೆ ಕೂರಬೇಕು. ಕಥೆ ಓದಿಕೊಂಡು ಬರಬೇಡಿ. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ ಬರೆದ ಕೆಂಪು ಶೂಗಳ ಕಥೆಯ ಬ್ಯಾಲೆ (ಯುರೋಪಿನ ಶಾಸ್ತ್ರೀಯ ನೃತ್ಯ) ಇದೆ, ವಿಕಿ ಪೇಜ್ ಎಂಬ ಹುಡುಗಿ ಅದನ್ನು ಕುಣಿಯುತ್ತಾಳೆ, ಬ್ಯಾಲೆ ಕಂಪನಿಯ ಯಜಮಾನ ಲೆರ್ಮೊಂಟೊವ್ ಅವಳಿಂದ ನೃತ್ಯ ಬಿಟ್ಟು ಬೇರೇನೂ ಬೇಡ ಅನ್ನುತ್ತಾನೆ. ಇಷ್ಟು ಗೊತ್ತಿದ್ದರೆ ಸಾಕು. ಲೆರ್ಮೊಂಟೊವ್‌ನನ್ನು ಬೇಗ ಖಳನಾಯಕ ಮಾಡಿಬಿಡಬೇಡಿ. ಆ ಪಾತ್ರ ಮಾಡಿದ ಆಂಟನ್ ವಾಲ್‌ಬ್ರೂಕ್ ಕೈಗಳನ್ನು ನೋಡಿ, ಆ ಮನುಷ್ಯನ ಒಂಟಿತನ ಅಲ್ಲಿದೆ.

ಸುಮಾರು ಒಂದು ಗಂಟೆ ಕಳೆದ ಮೇಲೆ ಬ್ಯಾಲೆ ಬರುತ್ತದೆ. ಹದಿನೇಳು ನಿಮಿಷ. ಆಗ ಯಾರೂ ಏಳಬಾರದು, ನೀರು ಕುಡಿಯುವುದೂ ಮೊದಲೇ ಆಗಬೇಕು. ಶುರುವಿನಲ್ಲಿ ರಂಗದ ಮೇಲಿರುತ್ತೀರಿ, ನೋಡನೋಡುತ್ತಾ ರಂಗ ಮಾಯವಾಗಿ ಅವಳ ಮನಸ್ಸಿನೊಳಗೆ ಇರುತ್ತೀರಿ. ಗಾಳಿಗೆ ಹಾರುವ ಪೇಪರು ಮನುಷ್ಯನಾಗಿ ಅವಳ ಜೊತೆ ಕುಣಿಯುತ್ತದೆ. ನಾನು ಒಂಬತ್ತು ವರ್ಷ ಭರತನಾಟ್ಯ ಕಲಿತವಳು. ಗೆಜ್ಜೆಯನ್ನು ಕಣ್ಣಿಗೊತ್ತಿಕೊಂಡೇ ಕಟ್ಟಿಕೊಳ್ಳುತ್ತಿದ್ದೆವು. ಆ ಶೂಗಳು ತಾವಾಗಿಯೇ ನಿಂತು ಅವಳಿಗೆ ಕಾಯುವುದನ್ನು ನೋಡಿದಾಗ ನನಗೆ ವಿಚಿತ್ರ ಅನ್ನಿಸಲಿಲ್ಲ, ಭಯವಾಯಿತು.

ಸಿನಿಮಾ ಮುಗಿದ ಮೇಲೆ, ಸಾಧ್ಯವಾದರೆ ಮಾರನೇ ದಿನ, ಬ್ಯಾಲೆ ಒಂದನ್ನೇ ಇನ್ನೊಮ್ಮೆ ಹಾಕಿ. ಈ ಸಲ ಕೆಲಸಗಾರರನ್ನು ನೋಡಿ. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ನೆಗೆತಗಳಲ್ಲಿ ಕ್ಯಾಮೆರಾದ ವೇಗ ಬದಲಿಸಿದ್ದಾರೆ, ಅದಕ್ಕೇ ನೆಗೆದವರು ಗಾಳಿಯಲ್ಲಿ ಒಂದು ಕ್ಷಣ ತಂಗಿದ ಹಾಗೆ ಕಾಣುತ್ತದೆ. ಸೆಟ್ಟು, ಉಡುಪು ಚಿತ್ರಕಲಾವಿದ ಹೈನ್ ಹೆಕ್ರೋಟ್ ಅವರದು. ಚಮ್ಮಾರನಾಗಿ ಕುಣಿಯುವವರು ಲಿಯೊನಿಡ್ ಮಾಸೀನ್, ಒಂದು ಕಾಲಕ್ಕೆ ದಿಯಾಗಿಲೆಫ್ ಎಂಬಾತ ನಡೆಸುತ್ತಿದ್ದ ಹೆಸರಾಂತ ರಷ್ಯನ್ ಬ್ಯಾಲೆ ಕಂಪನಿಯಲ್ಲಿದ್ದವರು. ತನ್ನ ಪಾತ್ರದ ಹೆಜ್ಜೆಗಳನ್ನು ಅವರೇ ಕಟ್ಟಿಕೊಂಡರು, ಉಳಿದದ್ದು ರಾಬರ್ಟ್ ಹೆಲ್ಪ್‌ಮನ್ ಅವರದು. ಶಿಯರರ್ ಕೂಡ ನಟಿಯಲ್ಲ, ಲಂಡನ್ನಿನ ಸ್ಯಾಡ್ಲರ್ಸ್ ವೆಲ್ಸ್ ಬ್ಯಾಲೆ ಕಂಪನಿಯ ಹುಡುಗಿ. ನೀವು ನೋಡುತ್ತಿರುವ ದಣಿವು ನಿಜವಾದದ್ದು. ಬ್ರಯನ್ ಈಸ್ಡೇಲ್ ಸಂಗೀತಕ್ಕಾಗಿ ಮೂರನೇ ಸಲವೂ ಹಾಕಬಹುದು, ಕಣ್ಣು ಮುಚ್ಚಿಕೊಂಡು. ಆ ಸಂಗೀತಕ್ಕೆ ಆಸ್ಕರ್ ಬಂತು, ಕಲಾ ನಿರ್ದೇಶನಕ್ಕೂ ಬಂತು.

ಬೇರೆಯವರಿಗೆ ತೋರಿಸುವುದಾದರೆ ಒಂದು ಮಾತು. ಕೊನೆ ಬಂದ ತಕ್ಷಣ ಲೈಟ್ ಹಾಕಬೇಡಿ, ‘ಹೇಗಿತ್ತು?’ ಅಂತ ಕೇಳಬೇಡಿ. ನನ್ನ ಅತ್ತೆಗೆ ಇದನ್ನು ತೋರಿಸಿದ ದಿನ ಅವರು ಹತ್ತು ನಿಮಿಷ ಕತ್ತಲಲ್ಲೇ ಕೂತಿದ್ದರು. ಆಮೇಲೆ ಕೇಳಿದ್ದು ಒಂದೇ: ‘ಆ ಬ್ಯಾಲೆ ಇನ್ನೊಂದ್ಸಲ ಹಾಕ್ತೀಯಾ?’