ಕೌದಿಯ ಖರ್ಚು ಎಲ್ಲಿ ಸೋರುತ್ತದೆ

ಕೌದಿ ಹೊಲಿಯಬೇಕೆಂದು ಮನಸ್ಸು ಮಾಡಿದವರು ನನ್ನನ್ನು ಮೊದಲು ಕೇಳುವುದು ಬಟ್ಟೆ ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು. ಮಡಿಕೇರಿಯ ಮಳೆಗೆ ಹೆದರಿ ಮನೆಯೊಳಗೆ ಕುಳಿತು ನಲವತ್ತಕ್ಕೂ ಹೆಚ್ಚು ವರ್ಷ ಕೌದಿ ಹೊಲಿದವಳಾಗಿ ನಾನು ಹೇಳುವುದಾದರೆ, ಮೇಲ್ಪದರದ ತುಂಡುಗಳಿಗೆ ದುಡ್ಡು ಕೊಡುವ ಅಗತ್ಯವೇ ಬಹುಮಟ್ಟಿಗೆ ಇಲ್ಲ. ದುಡ್ಡು ಹಾಕಬೇಕಾದದ್ದು ದಾರಕ್ಕೆ ಮತ್ತು ಸೂಜಿಗೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಮೀಟರುಗಟ್ಟಲೆ ಹೊಸ ಬಟ್ಟೆ ಕೊಂಡು, ಕಡೆಗೆ ಅಗ್ಗದ ದಾರದಲ್ಲಿ ಹೊಲಿದು, ಎರಡನೆಯ ಒಗೆತಕ್ಕೇ ಹೊಲಿಗೆ ಬಿಟ್ಟುಕೊಂಡಿತೆಂದು ಪೇಚಾಡುತ್ತಾರೆ.

ಮೊದಲು ನಿಮ್ಮ ಬೀರುವನ್ನು ತೆರೆದು ನೋಡಿ. ಮದುವೆ, ಗೃಹಪ್ರವೇಶ, ಸೀಮಂತಗಳಲ್ಲಿ ತಾಂಬೂಲದೊಂದಿಗೆ ಬಂದ ರವಿಕೆ ಕಣಗಳು ಯಾವ ಮನೆಯಲ್ಲಿ ಇಲ್ಲ? ಅವನ್ನು ಹೊಲಿಸುವವರು ಕಡಿಮೆ, ಮುಂದಿನ ಮನೆಗೆ ದಾಟಿಸುವವರೇ ಹೆಚ್ಚು. ನಾನು ಕೊಟ್ಟ ಹಸಿರು ಕಣವೊಂದು ಮೂರು ವರ್ಷಗಳ ನಂತರ, ಮಡಿಕೆ ಕೂಡ ಬಿಚ್ಚದೆ, ನನ್ನ ಮಡಿಲಿಗೇ ಮರಳಿ ಬಂದದ್ದುಂಟು. ಇವುಗಳಲ್ಲಿ ಶುದ್ಧ ಹತ್ತಿಯೂ ಇರುತ್ತದೆ, ಪಾಲಿಯೆಸ್ಟರ್ ಬೆರೆತದ್ದೂ ಇರುತ್ತದೆ, ಮುಟ್ಟಿ ನೋಡಿದರೆ ಎಲ್ಲವೂ ಒಂದೇ ಎನಿಸುತ್ತದೆ. ಆದ್ದರಿಂದ ಅಂಚಿನಿಂದ ನಾಲ್ಕೈದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಿನಲ್ಲಿ ಒರೆಸಿದರೆ ಹುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಎಳೆ ಕರಗಿ ಮುದುಡಿಕೊಂಡು, ತಣಿದ ಮೇಲೆ ಸಾಸಿವೆಯಷ್ಟು ಗಟ್ಟಿ ಗುಂಡು ಆಗುತ್ತದೆ. ಬಿಸಿಯಿರುವಾಗ ಅದನ್ನು ಮುಟ್ಟಬಾರದು. ಮೇಲ್ಪದರಕ್ಕೆ ಹತ್ತಿಯನ್ನಷ್ಟೇ ಆರಿಸಿಕೊಳ್ಳಿ.

ಗಂಡಸರ ಹಳೆಯ ಹತ್ತಿ ಅಂಗಿಗಳಲ್ಲಿ ಬೆನ್ನಿನ ಭಾಗವೇ ದೊಡ್ಡ ಆಸ್ತಿ. ಕೊರಳಪಟ್ಟಿ, ಮೊಣಕೈ, ಕಂಕುಳ ಸವೆದಿದ್ದರೂ ಬೆನ್ನು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಕತ್ತರಿಸುವ ಮೊದಲು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಎಳೆಗಳು ತೆಳುವಾಗಿ ಜರಡಿಯಂತೆ ಕಂಡರೆ, ಅಥವಾ ಎರಡು ಹೆಬ್ಬೆರಳುಗಳ ನಡುವೆ ಜಗ್ಗಿದಾಗ ಚರ್ ಎಂದರೆ, ಅದು ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆಗೆ ಸರಿ, ಕೌದಿಗೆ ಬೇಡ. ಗುಂಡಿಗಳನ್ನು ಬಿಚ್ಚಿ ಡಬ್ಬಿಗೆ ಹಾಕಿಡಿ.

ಮನೆಯಲ್ಲಿ ಸಾಲದೆ ಬಂದಾಗ ದರ್ಜಿಯ ಅಂಗಡಿಗೆ ಹೋಗಬೇಕು. ರವಿಕೆಯ ಲೈನಿಂಗ್, ಚೂಡಿದಾರ್, ಲಂಗಗಳಿಂದ ಮಿಕ್ಕ ಚೂರುಗಳು ಅಲ್ಲಿ ಪ್ರತಿದಿನ ಬೀಳುತ್ತವೆ, ಅವನ್ನು ಗುಡಿಸಿ ಎಸೆಯುವುದೇ ಅವರಿಗೊಂದು ಕೆಲಸ. ಬರಿಗೈಯಲ್ಲಿ ಹೋಗಿ ಕೇಳುವುದಕ್ಕಿಂತ ಒಂದು ಬಟ್ಟೆಯ ಚೀಲವನ್ನು ಅವರ ಮೇಜಿನ ಕೆಳಗೆ ಬಿಟ್ಟು ಬಂದು, ಹದಿನೈದು ದಿನಕ್ಕೊಮ್ಮೆ ಬದಲಿಸಿಕೊಳ್ಳುವುದು ಒಳ್ಳೆಯದು. ಹೋಗುವಾಗ ಮನೆಯ ಕಾಫಿಪುಡಿಯನ್ನು ಕಾಲು ಕಿಲೋದಷ್ಟು ಒಯ್ಯುತ್ತೇನೆ. ಅದರಿಂದಾಗಿ ಅಂಗೈಗಿಂತ ಚಿಕ್ಕ ಚೂರುಗಳನ್ನು ಅವರೇ ಬೇರ್ಪಡಿಸಿ ತೆಗೆದುಹಾಕುವ ಅಭ್ಯಾಸ ಆಗಿದೆ. ದಸರಾ, ದೀಪಾವಳಿ, ಹುತ್ತರಿಯ ಹಿಂದಿನ ವಾರಗಳಲ್ಲಿ ಮಾತ್ರ ಅವರನ್ನು ಮಾತನಾಡಿಸಲು ಹೋಗಬೇಡಿ.

ಚೂರು ಎಷ್ಟು ದೊಡ್ಡದಿರಬೇಕು ಎಂಬುದರಲ್ಲೂ ಖರ್ಚಿನ ಲೆಕ್ಕ ಅಡಗಿದೆ. ಒಂಟಿ ಮಂಚದ ಕೌದಿ 60 ಅಂಗುಲ ಅಗಲ, 90 ಅಂಗುಲ ಉದ್ದ ಎಂದಿಟ್ಟುಕೊಳ್ಳಿ. ಸುತ್ತಲೂ ಹೊಲಿಗೆಗೆ ಕಾಲಂಗುಲ ಬಿಟ್ಟು, ಆರೂವರೆ ಅಂಗುಲದ ಚೌಕಗಳನ್ನು ಕತ್ತರಿಸಿದರೆ ಅಗಲಕ್ಕೆ ಹತ್ತು, ಉದ್ದಕ್ಕೆ ಹದಿನೈದರಂತೆ 150 ತುಂಡು ಸಾಕು. ಅದನ್ನೇ ಮೂರೂವರೆ ಅಂಗುಲದ ಚೌಕಗಳಲ್ಲಿ ಮಾಡಹೊರಟರೆ 600 ತುಂಡು ಬೇಕಾಗುತ್ತವೆ; ಹೊಲಿಗೆಯೊಳಗೆ ಮಡಚಿಕೊಳ್ಳುವ ಬಟ್ಟೆ ಹೆಚ್ಚಿ, 44 ಅಂಗುಲ ಅಗಲದ ಬಟ್ಟೆ ಅರ್ಧ ಮೀಟರಿಗಿಂತಲೂ ಹೆಚ್ಚು ಖರ್ಚಾಗುತ್ತದೆ, ದಾರವೂ ಶ್ರಮವೂ ಅದಕ್ಕೆ ತಕ್ಕಂತೆ ಏರುತ್ತವೆ. ಚಿತ್ತಾರದ ಆಸೆಗೆ ಸಣ್ಣ ತುಂಡು ಜೋಡಿಸುವವರನ್ನು ನಾನು ತಡೆಯುವುದಿಲ್ಲ, ಆದರೆ ಮೊದಲ ಕೌದಿಗೆ ದೊಡ್ಡ ಚೌಕವೇ ಇರಲಿ. ಅಳತೆಯ ಅಚ್ಚಿಗೆ ರಟ್ಟು ಬಳಸಿದರೆ ಇಪ್ಪತ್ತು ಸಲ ಗೆರೆ ಎಳೆಯುವಷ್ಟರಲ್ಲಿ ಅದರ ಮೂಲೆ ಸವೆಯುತ್ತದೆ. ಹಳೆಯ ಎಕ್ಸ್‌ರೇ ಹಾಳೆಯನ್ನು ಚೌಕವಾಗಿ ಕತ್ತರಿಸಿಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ನನ್ನ ಅಚ್ಚಿನಲ್ಲಿ ಯಜಮಾನರ ಮುರಿದ ಮಣಿಕಟ್ಟು ಈಗಲೂ ಮಸುಕಾಗಿ ಕಾಣುತ್ತದೆ. ಗೆರೆ ಎಳೆಯಲು ಸ್ನಾನದ ಸೋಪಿನ ಸವೆದ ಚೂರು ಸಾಕು.

ಕತ್ತರಿಸುವುದಕ್ಕೆ ಮುಂಚೆ ಎಲ್ಲ ಬಟ್ಟೆಯನ್ನೂ ಒಮ್ಮೆ ಒಗೆಯಲೇಬೇಕು. ಹತ್ತಿ ಮೊದಲ ಒಗೆತದಲ್ಲಿ ಕುಗ್ಗುತ್ತದೆ. ಹಳೆಯದು ಕುಗ್ಗಿ ಆಗಿರುತ್ತದೆ, ಹೊಸದು ಇನ್ನು ಕುಗ್ಗಬೇಕು. ಎರಡನ್ನೂ ಹಾಗೆಯೇ ಸೇರಿಸಿ ಹೊಲಿದರೆ ಕೌದಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ಬಣ್ಣದ ವಿಷಯವಂತೂ ಇನ್ನೂ ಕಟ್ಟುನಿಟ್ಟು. ಕಡುಗೆಂಪು ಕಣವೊಂದನ್ನು ಉಪ್ಪುನೀರಿನಲ್ಲಿ ನೆನೆಸಿದ್ದೇನಲ್ಲ ಎಂಬ ಧೈರ್ಯದ ಮೇಲೆ ನಾನು ಬಿಳಿ ಪಂಚೆಯ ಪಕ್ಕದಲ್ಲೇ ಹೊಲಿದೆ. ಮೊದಲ ಒಗೆತಕ್ಕೆ ಕೌದಿಯೆಲ್ಲ ನಸುಗೆಂಪಾಯಿತು, ಮೊಮ್ಮಗಳು ಅದಕ್ಕೆ ಬೀಟ್‌ರೂಟ್ ಕೌದಿ ಎಂದು ಹೆಸರಿಟ್ಟಳು. ಅಂಗಡಿಯಿಂದ ಬಂದ ಬಟ್ಟೆಯ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸುವುದಿಲ್ಲ. ಬಿಸಿನೀರಿನಲ್ಲಿ ಮತ್ತೆ ಮತ್ತೆ ನೆನೆಸಿ, ನೀರು ತಿಳಿಯಾಗುವವರೆಗೆ ಒಗೆದು, ನಂತರ ಒದ್ದೆಯಿರುವಾಗಲೇ ಬಿಳಿ ಚಿಂದಿಯಲ್ಲಿ ಉಜ್ಜಿ ನೋಡಬೇಕು. ಆಗಲೂ ಬಣ್ಣ ಅಂಟಿದರೆ ಅದನ್ನು ಬಿಟ್ಟುಬಿಡುವುದೇ ಲೇಸು.

ಕೊಳ್ಳಲೇಬೇಕಾದಾಗ ಕಾಲ ನೋಡಿ ಕೊಳ್ಳಿ. ಆಷಾಢದಲ್ಲಿ ಮದುವೆಗಳಿಲ್ಲದೆ ಬಟ್ಟೆಯಂಗಡಿಗಳು ರಿಯಾಯಿತಿ ಬಿಡುತ್ತವೆ. ನಮ್ಮಲ್ಲಿ ಅದರ ಬೆನ್ನಿಗೇ ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡ ಬರುವುದರಿಂದ, ತಂದ ಬಟ್ಟೆಯನ್ನು ಹೊಲಿಯಲು ಮಳೆಯೇ ಪುರುಸೊತ್ತು ಮಾಡಿಕೊಡುತ್ತದೆ. ಥಾನಿನ ಕೊನೆಯಲ್ಲಿ ಉಳಿದ ಮುಕ್ಕಾಲು ಮೀಟರ್, ಒಂದು ಮೀಟರಿನ ಕಟ್‌ಪೀಸ್‌ಗಳನ್ನು ಆಗ ಕೇಳಿದರೆ ಇನ್ನಷ್ಟು ಇಳಿಸಿ ಕೊಡುತ್ತಾರೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲೂ ಶನಿವಾರಸಂತೆಯಲ್ಲೂ ನೆಲದ ಮೇಲೆ ರಾಶಿ ಹಾಕಿ ಮಾರುವವರ ಬಳಿ ನೋಡಬಹುದು, ಆದರೆ ಮಧ್ಯದ ಮಡಿಕೆ ಬಿಚ್ಚಿ ನೋಡದೆ ದುಡ್ಡು ಕೊಡಬೇಡಿ. ಖಾದಿ ಬೇಕೆಂದರೆ ಅಕ್ಟೋಬರ್ 2ರ ಗಾಂಧಿ ಜಯಂತಿಯ ರಿಯಾಯಿತಿಗೆ ಕಾಯುವುದು ಜಾಣತನ. ಮೈಸೂರಿಗೆ ಇಲ್ಲಿಂದ ಸುಮಾರು 120 ಕಿಲೋಮೀಟರ್. ಬೇರೆ ಕೆಲಸವಿದ್ದಾಗ ನೋಡಿಕೊಂಡು ಬರಬಹುದೇ ಹೊರತು, ಚಿಂದಿಗೆಂದೇ ಬಸ್ಸು ಹತ್ತಿದರೆ ದಿನವೆಲ್ಲ ಅದಕ್ಕೇ ಹೋಗುತ್ತದೆ.

ಕಿಲೋ ಲೆಕ್ಕದಲ್ಲಿ ಮಾರುವ ಗಾರ್ಮೆಂಟ್ ಚೂರುಗಳ ಬಗ್ಗೆ ಒಂದು ಮಾತು. ಹಗುರವಾದ ಹತ್ತಿ ಬಟ್ಟೆ ಮೀಟರಿಗೆ ಸುಮಾರು 120ರಿಂದ 150 ಗ್ರಾಂ ತೂಗುವುದರಿಂದ ಒಂದು ಕಿಲೋ ಎಂದರೆ ಏಳೆಂಟು ಮೀಟರ್ ಎಂದು ಲೆಕ್ಕ ಹಾಕಿ ನಾನೂ ಒಮ್ಮೆ ಅಂಚೆಯಲ್ಲಿ ಮೂರು ಕಿಲೋ ತರಿಸಿದೆ. ಮೂಟೆ ಬಿಚ್ಚಿದರೆ ಅರ್ಧದಷ್ಟು ಎರಡು ಬೆರಳಗಲದ ಪಟ್ಟಿಗಳು. ಆದ್ದರಿಂದ ಕಿಲೋಗೆ ಮೂರೂವರೆ ಮೀಟರ್ ಮಾತ್ರ ದಕ್ಕುತ್ತದೆ ಎಂದುಕೊಂಡು ಬೆಲೆಯನ್ನು ಹೋಲಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ಅಡಿಪದರಕ್ಕೆ ಹಳೆಯ ಹತ್ತಿ ಸೀರೆಗಿಂತ ಉತ್ತಮವಾದುದನ್ನು ನಾನು ಕಂಡಿಲ್ಲ. ಐದೂವರೆ ಮೀಟರಿನ ಸೀರೆಯನ್ನು ಮಧ್ಯಕ್ಕೆ ಕತ್ತರಿಸಿ, ಎರಡು ಭಾಗಗಳನ್ನು ಅಕ್ಕಪಕ್ಕ ಜೋಡಿಸಿದರೆ ಸುಮಾರು 90 ಅಂಗುಲ ಅಗಲ, 108 ಅಂಗುಲ ಉದ್ದದ ಹಾಸು ಸಿದ್ಧ. ಜೋಡಿ ಮಂಚಕ್ಕೂ ಅದು ಸಾಕು. ಇನ್ನೊಂದು ಸೀರೆ ಹರಿದುಹೋಗಿದ್ದರೂ ಅದರ ಅಂಚುಗಳನ್ನು ಮಾತ್ರ ಬಿಡಿಸಿಟ್ಟುಕೊಳ್ಳಿ. ಒಂಟಿ ಕೌದಿಯ ಸುತ್ತಳತೆ 300 ಅಂಗುಲ, ಎಂದರೆ ಏಳೂವರೆ ಮೀಟರಿಗೆ ತುಸು ಹೆಚ್ಚು. ಸೀರೆಯ ಎರಡು ಅಂಚು ಸೇರಿದರೆ ಹನ್ನೊಂದು ಮೀಟರ್. ಸುತ್ತುಪಟ್ಟಿಗೆ ಬೇರೆ ಬಟ್ಟೆ ಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ನಡುವಿನ ಪದರಕ್ಕೆ ಬಯಲುಸೀಮೆಯವರ ಮಾತು ಕೇಳಿ ಹತ್ತಿ ತುಂಬಬೇಡಿ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಅದು ನೀರು ಹೀರಿ ಭಾರವಾಗಿ, ಒಣಗದೆ ಬೂಸು ಹಿಡಿಯುತ್ತದೆ. ತೆಳ್ಳಗಾದ ಎರಡು ಹೊದಿಕೆ, ಅಥವಾ ಒಂದು ಹೊದಿಕೆ ಮತ್ತು ಯಾರೂ ಉಡದ ಪಾಲಿಯೆಸ್ಟರ್ ಸೀರೆ ಸಾಕು. ಬೆಚ್ಚಗಿರುತ್ತದೆ, ಸೂಜಿ ಸಲೀಸಾಗಿ ಇಳಿಯುತ್ತದೆ, ಬೇಗ ಒಣಗುತ್ತದೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿಯಲ್ಲಿ ಹತ್ತಿ ತುಂಬುವುದೇ ಇಲ್ಲ. ಸೀರೆಯೊಂದನ್ನು ಹಾಸಿ, ಚೂರುಗಳ ಅಂಚು ಮಡಚುತ್ತಾ ಮೂಲೆಯಿಂದ ಒಳಮುಖವಾಗಿ ಸುತ್ತ ಹೊಲಿದು ಬರುತ್ತಾರೆ. ಯಂತ್ರವಿಲ್ಲದವರಿಗೂ ಅಳತೆ ಸರಿಬಾರದವರಿಗೂ ಆ ಕ್ರಮವೇ ಅನುಕೂಲ.

ಇನ್ನು ದಾರ. ಒಂಟಿ ಕೌದಿಗೆ ಒಂದಂಗುಲ ಅಂತರದಲ್ಲಿ ಉದ್ದುದ್ದಕ್ಕೆ 60 ಸಾಲು ಹೊಲಿದರೆ ಸಾಲುಗಳ ಉದ್ದವೇ ಸುಮಾರು 140 ಮೀಟರ್ ಆಗುತ್ತದೆ; ಸೂಜಿ ಮೇಲೆ ಕೆಳಗೆ ಹಾಯುವುದಕ್ಕೂ ಗಂಟಿಗೂ ಸೇರಿಸಿ 170 ಮೀಟರ್ ಹಿಡಿಯಿರಿ. ಅಂಗಡಿಯಲ್ಲಿ ವರ್ಷಗಟ್ಟಲೆ ಕುಳಿತ ರೀಲನ್ನು ಅರ್ಧ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬಾರದು. ಒಂದು ಮೊಳ ಬಿಚ್ಚಿ ಫಕ್ಕನೆ ಜಗ್ಗಿದರೆ ಅದರ ಆಯುಸ್ಸು ಗೊತ್ತಾಗುತ್ತದೆ. ಭಾಗಮಂಡಲದ ಕಡೆ ಜೇನು ಸಾಕುವವರ ಪರಿಚಯವಿದ್ದರೆ ನಿಂಬೆಗಾತ್ರದ ಮೇಣದ ಉಂಡೆ ಕೇಳಿ ತನ್ನಿ. ದಾರವನ್ನು ಅದರ ಮೇಲೆ ಒಮ್ಮೆ ಎಳೆದರೆ ಸಿಕ್ಕಾಗುವುದಿಲ್ಲ, ಬಟ್ಟೆಯಲ್ಲಿ ಉಜ್ಜಿ ಜೂಲಾಗುವುದೂ ಇಲ್ಲ. ಸೂಜಿಗೆ ನಮ್ಮ ಮಳೆಗಾಲದಲ್ಲಿ ವಾರದೊಳಗೆ ತುಕ್ಕು ಹಿಡಿಯುತ್ತದೆ, ಆ ಕಲೆ ಬಿಳಿ ಬಟ್ಟೆಗೆ ಅಂಟಿದರೆ ಸುಲಭಕ್ಕೆ ಹೋಗುವುದಿಲ್ಲ. ನನ್ನ ಅತ್ತೆ ತಲೆ ಬಾಚುವಾಗ ಉದುರಿದ ಎಣ್ಣೆಗೂದಲನ್ನು ಸಣ್ಣ ಚೀಲಕ್ಕೆ ತುಂಬಿ ಹೊಲಿದು, ಸೂಜಿಗಳನ್ನು ಅದಕ್ಕೇ ಚುಚ್ಚಿಡುತ್ತಿದ್ದರು. ನೋಡಲು ಚೆಂದವಲ್ಲ, ಆದರೆ ಅವರ ಸೂಜಿಗಳು ಕೊನೆಯವರೆಗೂ ಹೊಳೆಯುತ್ತಿದ್ದವು, ನಾನೂ ಅದನ್ನೇ ಮಾಡುತ್ತೇನೆ.

ಕೌದಿಯನ್ನು ಒಗೆಯುವ ಕಾಲವನ್ನು ಕಾಫಿಯೇ ನಿರ್ಧರಿಸುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಬಿಸಿಲಿದ್ದರೂ ಅಂಗಳದ ಒಕ್ಕಣೆ ಕಣದ ತುಂಬ ಒಣಗಲು ಕಾಫಿ ಹರಡಿರುತ್ತದೆ, ಅದರ ಪಕ್ಕದಲ್ಲಿ ಹಗ್ಗ ಕಟ್ಟಿದರೆ ಮನೆಯವರ ಮುಖ ಸಿಂಡರಿಸುತ್ತದೆ. ರೊಬಸ್ಟಾ ಕಾಫಿ ಒಣಗಿ ಮೂಟೆ ಕಟ್ಟಿದ ಮರುದಿನವೇ, ಕಣದ ಸಿಮೆಂಟು ಕಾದಿರುವಾಗ, ಕೌದಿಗಳನ್ನು ಒಗೆದು ಹಾಸಿಬಿಡುತ್ತೇನೆ. ಮಧ್ಯಾಹ್ನಕ್ಕೊಮ್ಮೆ ಮಗುಚಿದರೆ ಸಂಜೆಗೆ ಎರಡೂ ಬದಿ ಗರಿಗರಿ ಒಣಗಿರುತ್ತವೆ.